ಊರಿನ ಗುಡ್ಡ, ಕೆರೆ, ಕಾನು ಉಳಿಸಿಕೊಳ್ಳೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರು ಶಿವಮೊಗ್ಗ ಜಿಲ್ಲೆಯಲ್ಲಿ, ಮಲೆನಾಡಿನ ಅಂಚಿನಲ್ಲಿದೆ. ಊರ ಹಿಂದೆ ಒಂದು ಕಲ್ಲುಗುಡ್ಡ, ಅದರ ಬುಡದಲ್ಲಿ ಕೆರೆ, ಕೆರೆಯಾಚೆ ಒಂದು ಸಣ್ಣ ಕಾನು, ಅಂದರೆ ದಟ್ಟ ಕಾಡು. ಕೆಲವು ವರ್ಷದ ಹಿಂದೆ ಆ ಗುಡ್ಡದ ಬಂಡೆಗಳ ಮೇಲೆ ಯಾರೋ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋಗಿದ್ದರು. ದನ ಮೇಯಿಸಲು ಹೋದ ಹುಡುಗರು ಬಂದು ಹೇಳಿದ ಮೇಲೆ ವಿಚಾರಿಸಿದೆವು. ಕಲ್ಲು ಕ್ವಾರಿಗೆ ಅರ್ಜಿ ಬಿದ್ದು ಆಗಲೇ ಏಳು ತಿಂಗಳಾಗಿತ್ತು. ಕಾಗದ ಮೂರು ಕಚೇರಿ ದಾಟಿತ್ತು. ಊರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಗುಡ್ಡ ಉಳಿಯಿತು. ಅದಕ್ಕೆ ಎರಡು ವರ್ಷ ಹಿಡಿಯಿತು. ಅಲ್ಲಿಂದ ಈಚೆಗೆ ಸುತ್ತಲಿನ ಊರವರು, ಪೇಟೆಯಲ್ಲಿರುವ ನಮ್ಮೂರ ಮಕ್ಕಳು, ಮದುವೆ ಮನೆಯಲ್ಲಿ ಸಿಕ್ಕ ನೆಂಟರು ಕೇಳುತ್ತಲೇ ಇದ್ದಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ. ನಾನು ವಕೀಲನಲ್ಲ. ಓಡಾಡಿ ಕಲಿತದ್ದು, ಓದಿ ಖಚಿತ ಮಾಡಿಕೊಂಡದ್ದು ಇದು.

## ಮೊದಲು ತಿಳಿಯಬೇಕಾದದ್ದು

ಗುಡ್ಡ, ಕೆರೆ ಎಲ್ಲ ಊರವರದ್ದೇ ಅಲ್ವಾ? ಬೇರೆಯವರಿಗೆ ಹೇಗೆ ಕೊಡ್ತಾರೆ?

ರೂಢಿಯಲ್ಲಿ ಊರವರದ್ದು. ದಾಖಲೆಯಲ್ಲಿ ಬಹುಪಾಲು ಸರ್ಕಾರದ್ದು. ತೊಂದರೆ ಶುರುವಾಗುವುದೇ ಇಲ್ಲಿಂದ. ಅಜ್ಜನ ಕಾಲದಿಂದ ದನ ಮೇಯಿಸಿದ ಜಾಗ ಪಹಣಿಯಲ್ಲಿ ಗೋಮಾಳ ಅಂತಿರಬಹುದು, ಸರ್ಕಾರಿ ಬೀಳು ಅಂತಿರಬಹುದು, ಅರಣ್ಯ ಅಂತಲೂ ಇರಬಹುದು. ಇಂಥ ಜಾಗಗಳಿಗೆ ಒಂದೊಂದು ಕಡೆ ಒಂದೊಂದು ಹೆಸರು: ನಮ್ಮ ಕಡೆ ಕಾನು, ಶಿರಸಿ ಕಡೆ ಸೊಪ್ಪಿನ ಬೆಟ್ಟ, ದಕ್ಷಿಣ ಕನ್ನಡದಲ್ಲಿ ಕುಮ್ಕಿ, ಕೊಡಗಿನಲ್ಲಿ ಬಾಣೆ ಮತ್ತು ದೇವರಕಾಡು, ಬಯಲುಸೀಮೆಯಲ್ಲಿ ಗುಂಡುತೋಪು. ಒಂದೊಂದಕ್ಕೂ ಬೇರೆ ನಿಯಮ ಇದೆ. ಗೋಮಾಳವನ್ನು ಮಂಜೂರು ಮಾಡಲು ಕಂದಾಯ ಇಲಾಖೆಗೆ ದಾರಿಯಿದೆ. ಅದೇ ಜಾಗ ಅರಣ್ಯವಾಗಿದ್ದರೆ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ಆದ್ದರಿಂದ "ಇದು ನಮ್ಮೂರ ಗುಡ್ಡ" ಅನ್ನುವ ಮೊದಲು "ಇದು ಇಂಥ ಸರ್ವೆ ನಂಬರ್, ದಾಖಲೆಯಲ್ಲಿ ಹೀಗಿದೆ" ಅನ್ನಲು ಬರಬೇಕು. ಕಚೇರಿಯಲ್ಲಿ ಮೊದಲನೇ ಮಾತಿಗೆ ಯಾರೂ ತಲೆ ಎತ್ತುವುದಿಲ್ಲ. ಎರಡನೇ ಮಾತಿಗೆ ಕುರ್ಚಿ ಕೊಡುತ್ತಾರೆ.

ಸರ್ವೆ ನಂಬರ್ ಪತ್ತೆ ಮಾಡೋದು ಹೇಗೆ? ನಮಗೆ ಪಹಣಿ ಓದೋಕೂ ಸರಿಯಾಗಿ ಬರಲ್ಲ.

ಕಷ್ಟವೇನಿಲ್ಲ. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ಕರ್ನಾಟಕ ಸರ್ಕಾರದ್ದೇ ಆ್ಯಪ್ ಅದು. ಗುಡ್ಡದ ಮೇಲೆ ನಿಂತು ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಆ ನಂಬರ್ ಇಟ್ಟುಕೊಂಡು ಭೂಮಿ ತಂತ್ರಾಂಶದಲ್ಲಿ ಪಹಣಿ ತೆಗೆಯಿರಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಏನು ಟಿಪ್ಪಣಿಯಿದೆ ಅಂತ ನೋಡಿ. ಆ್ಯಪ್‌ನ ಗೆರೆ ಹತ್ತಿಪ್ಪತ್ತು ಅಡಿ ಆಚೀಚೆ ಇರಬಹುದು. ಗಡಿಯ ಜಗಳಕ್ಕೆ ಅದನ್ನೇ ನಂಬಬೇಡಿ. ಅದಕ್ಕೆ ಗ್ರಾಮನಕ್ಷೆ, ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ), ಟಿಪ್ಪಣಿ (ಸರ್ವೆಯವರ ಅಳತೆಯ ಚಿತ್ರ) ಬೇಕು. ತಾಲ್ಲೂಕಿನ ಭೂದಾಖಲೆ ಕಚೇರಿಯಲ್ಲಿ ಅರ್ಜಿ ಕೊಟ್ಟರೆ ನಕಲು ಸಿಗುತ್ತದೆ.

ಇನ್ನೊಂದು ಕೆಲಸ ಇದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ಗಡಿ ಸುತ್ತಿ. ಕೆರೆಗೆ ನೀರು ಬರುವ ಕಾಲುವೆ ಎಲ್ಲಿತ್ತು, ಯಾವ ಕಲ್ಲಿಗೆ ಏನು ಹೆಸರು, ದನದ ದಾರಿ ಯಾವುದು ಅಂತ ಅವರು ಹೇಳಿದ್ದನ್ನು ನಕ್ಷೆಯ ಮೇಲೆ ಬರೆದುಕೊಳ್ಳಿ. ನಮಗೆ ತೋರಿಸಿದವರು 84 ವರ್ಷದ ಅಜ್ಜಿ. ಸರ್ವೆಯವರ ನಕ್ಷೆಯಲ್ಲಿ ಇಲ್ಲದ ಎರಡು ಒರತೆಗಳು ಅವರಿಗೆ ಗೊತ್ತಿದ್ದವು.

ಪಹಣಿಯಲ್ಲಿ "ಬಿ ಖರಾಬು" ಅಂತಿದೆ. ಖರಾಬು ಅಂದ್ರೆ ಕೆಟ್ಟ ಜಾಗ ಅಲ್ವಾ?

ಹೆಸರು ಕೇಳಿ ಮೋಸ ಹೋಗಬೇಡಿ. ಖರಾಬಿನಲ್ಲಿ ಎರಡು ಬಗೆ. "ಎ" ಖರಾಬು ಅಂದರೆ ಸಾಗುವಳಿಗೆ ಬಾರದ ಜಾಗ: ಕಲ್ಲು, ಮನೆ, ಕಣ ಇರುವಂಥದ್ದು. "ಬಿ" ಖರಾಬು ಅಂದರೆ ಸಾರ್ವಜನಿಕರಿಗೆ ಬಿಟ್ಟದ್ದು: ದಾರಿ, ಹಳ್ಳ, ಕಾಲುವೆ, ಕೆರೆ, ಸ್ಮಶಾನ. ಯಾರದೋ ಹಿಡುವಳಿಯ ಮಧ್ಯೆ ಬಿ ಖರಾಬು ಇದ್ದರೂ ಅದು ಅವರ ಸ್ವತ್ತಲ್ಲ.

ನಿಮ್ಮೂರ ಹಳ್ಳ, ದನದ ದಾರಿ, ಕೆರೆಗೆ ನೀರು ತರುವ ಕಾಲುವೆ ಎಲ್ಲ ಇದರಲ್ಲೇ ಅಡಗಿರುತ್ತವೆ. ಲೇಔಟ್ ಮಾಡುವವರು, ರೆಸಾರ್ಟ್ ಕಟ್ಟುವವರು ಮೊದಲು ಬೇಲಿಯೊಳಗೆ ಸೇರಿಸಿಕೊಳ್ಳುವುದು ಇದನ್ನೇ. ಎಂಟು ಗುಂಟೆ, ಹನ್ನೆರಡು ಗುಂಟೆ ಅಂತ ಸಣ್ಣ ಸಣ್ಣ ತುಂಡು, ಹಾಗಾಗಿ ಯಾರೂ ಕೇಳುವುದಿಲ್ಲ. ಕಾಲುವೆಯ ಆ ಎಂಟು ಗುಂಟೆ ಹೋದರೆ ಇಪ್ಪತ್ತು ಎಕರೆ ಕೆರೆ ಒಣಗುತ್ತದೆ. ಊರಿನ ಎಲ್ಲ ಬಿ ಖರಾಬುಗಳದ್ದೂ ಒಂದು ಪಟ್ಟಿ ಮಾಡಿ ಇಟ್ಟುಕೊಳ್ಳಿ.

ನಮ್ಮ ಗೋಮಾಳ "ಹೆಚ್ಚುವರಿ" ಇದೆ ಅಂತಾರೆ. ಹಾಗಂದ್ರೆ ಏನು?

ಈ ಲೆಕ್ಕ ತಿಳಿಯದೆ ಎಷ್ಟೋ ಊರುಗಳು ಗೋಮಾಳ ಕಳೆದುಕೊಂಡಿವೆ. ಕರ್ನಾಟಕ ಭೂ ಕಂದಾಯ ನಿಯಮಗಳು 1966ರಲ್ಲಿ 97ನೇ ನಿಯಮ ಇದೆ. ಅದರ ಪ್ರಕಾರ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಮಿಕ್ಕಿದ್ದನ್ನು ಬೇರೆ ಉದ್ದೇಶಕ್ಕೆ ಕೊಡಲು ಅವಕಾಶ ಆಗುತ್ತದೆ.

ಅಂದರೆ ನಿಮ್ಮೂರಲ್ಲಿ ಎಷ್ಟು ದನ ಇವೆ ಅನ್ನುವ ಸಂಖ್ಯೆಯ ಮೇಲೆ ಗೋಮಾಳದ ಹಣೆಬರಹ ನಿಂತಿದೆ. ನಮ್ಮೂರ ಕಡತದಲ್ಲಿ 140 ಜಾನುವಾರು ಅಂತಿತ್ತು. ನಾವು ಮನೆಮನೆಗೆ ಹೋಗಿ ಎಣಿಸಿದಾಗ 312 ಇದ್ದವು. ಕಡತಕ್ಕೆ ಲೆಕ್ಕ ಬರೆದವರು ಕೊಟ್ಟಿಗೆಗೆ ಬಂದೇ ಇರಲಿಲ್ಲ. ಐದು ವರ್ಷಕ್ಕೊಮ್ಮೆ ಜಾನುವಾರು ಗಣತಿ ನಡೆಯುತ್ತದೆ. ಗಣತಿಯವರು ಬಂದಾಗ ಕರು, ಗೊಡ್ಡು ಎಲ್ಲ ಸೇರಿಸಿ ಸರಿಯಾಗಿ ಬರೆಸಿ. ನೀವೇ ಎಣಿಸಿ, ಪಶುವೈದ್ಯರ ಸಹಿ ಹಾಕಿಸಿ, ತಹಶೀಲ್ದಾರರಿಗೆ ಒಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪಕ್ಕದೂರಿನ ದನಗಳೂ ನಿಮ್ಮ ಗೋಮಾಳಕ್ಕೆ ಬರುತ್ತಿದ್ದರೆ ಅದನ್ನೂ ಬರೆಯಿರಿ.

ಗುಡ್ಡದಲ್ಲಿ ಮರವೇ ಇಲ್ಲ. ಬೋಳು ಗುಡ್ಡ ಉಳಿಸಿ ಏನು ಪ್ರಯೋಜನ?

ಮರ ಇಲ್ಲ ಅಂದ ಮಾತ್ರಕ್ಕೆ ಬೋಳಲ್ಲ. ಹುಲ್ಲಿನ ಗುಡ್ಡ ಮಳೆ ನೀರನ್ನು ನಿಧಾನವಾಗಿ ಕೆಳಗೆ ಬಿಡುತ್ತದೆ. ಬಂಡೆ ಸಂದಿನ ಮಣ್ಣು ನೀರು ಹಿಡಿದಿಟ್ಟು ಬೇಸಿಗೆಯಲ್ಲಿ ಒರತೆಗೆ ಕೊಡುತ್ತದೆ. ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳಿಗೆ ಹುಲ್ಲೇ ಮನೆ. ಗದಗದ ಕಪ್ಪತಗುಡ್ಡ ನೋಡಿ. ದೂರದಿಂದ ಕುರುಚಲು ಗುಡ್ಡ. ಹತ್ತಿರ ಹೋದರೆ ಔಷಧಿ ಗಿಡಗಳ ರಾಶಿ. ಅದಕ್ಕೆ ವನ್ಯಜೀವಿ ಕಾಯ್ದೆಯಲ್ಲಿ ಕೊಟ್ಟಿದ್ದ ಸಂರಕ್ಷಣಾ ಮೀಸಲು ಸ್ಥಾನವನ್ನು 2016ರಲ್ಲಿ ಸರ್ಕಾರ ಹಿಂದಕ್ಕೆ ಪಡೆಯಿತು. 2017ರಲ್ಲಿ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳ ಮುಂದಾಳತ್ವದಲ್ಲಿ ಜನ ಗದಗದಲ್ಲಿ ಧರಣಿ ಕೂತರು. ಅದೇ ವರ್ಷ ಸ್ಥಾನ ಮರಳಿ ಬಂತು. 2019ರಲ್ಲಿ ಅದು 244 ಚದರ ಕಿಲೋಮೀಟರ್‌ನ ವನ್ಯಜೀವಿ ಧಾಮವೇ ಆಯಿತು.

"ಬೀಳು", "ಬಂಜರು" ಅಂತ ದಾಖಲೆಯಲ್ಲಿ ಬರೆದದ್ದು ಕಂದಾಯ ಬರದ ಜಾಗ ಅನ್ನುವ ಅರ್ಥದಲ್ಲಿ. ಅಲ್ಲಿ ಏನೂ ಇಲ್ಲ ಅಂತ ಅರ್ಥವಲ್ಲ. 1980ರ ದಶಕದಲ್ಲಿ ಹೀಗೆ "ಪಾಳು" ಅಂದುಕೊಂಡ ಸುಮಾರು 30,000 ಹೆಕ್ಟೇರ್ ಜಾಗವನ್ನು ಕಾಗದದ ತಿರುಳಿಗೆ ನೀಲಗಿರಿ ಬೆಳೆಯಲು ಒಂದು ಜಂಟಿ ಕಂಪನಿಗೆ ಸರ್ಕಾರ ಒಪ್ಪಿಸಿತ್ತು. ಅದರಲ್ಲಿ ಊರುಗಳ ಗೋಮಾಳ, ಸೌದೆಯ ಜಾಗ ಎಲ್ಲ ಸೇರಿದ್ದವು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಗಿಡ ನೆಟ್ಟರು. "ಕಿತ್ತಿಕೊ ಹಚ್ಚಿಕೊ" ಅಂತಲೇ ಆ ಸತ್ಯಾಗ್ರಹಕ್ಕೆ ಹೆಸರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅದರ ಜೊತೆಗಿತ್ತು, ಸುಪ್ರೀಂ ಕೋರ್ಟಿಗೂ ಹೋಯಿತು. ಕೊನೆಗೆ ಕಂಪನಿಯೇ ಮುಚ್ಚಿತು. ಕೀಳುವುದರ ಜೊತೆ ನೆಡುವುದನ್ನೂ ಇಟ್ಟುಕೊಂಡಿದ್ದರಲ್ಲ, ಅದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಕೆಲಸ ಬರುತ್ತೆ, ರಸ್ತೆ ಬರುತ್ತೆ ಅಂತಾರೆ. ಬೇಡ ಅಂದ್ರೆ ಅಭಿವೃದ್ಧಿ ವಿರೋಧಿ ಅಂತಾರೆ. ಏನು ಉತ್ತರ ಕೊಡೋದು?

ಕೆಲಸ ಬೇಕು ಅನ್ನುವವರ ಮೇಲೆ ಸಿಟ್ಟಾಗಬೇಡಿ. ಅವರ ಮಾತು ನಿಜ. ನಮ್ಮೂರಲ್ಲೂ ಡಿಗ್ರಿ ಮುಗಿಸಿದ ಹುಡುಗರು ಖಾಲಿ ಕೂತಿದ್ದಾರೆ. ಕೇಳಬೇಕಾದದ್ದು ಲೆಕ್ಕವನ್ನು. ಎಷ್ಟು ಜನಕ್ಕೆ ಕೆಲಸ? ಎಷ್ಟು ವರ್ಷ? ನಮ್ಮೂರವರಿಗೆ ಎಷ್ಟು, ಹೊರಗಿನಿಂದ ಬರುವವರಿಗೆ ಎಷ್ಟು? ಕ್ವಾರಿಯವರು ನಮಗೆ ಬಾಯಲ್ಲಿ ಐವತ್ತು ಕೆಲಸ ಅಂದಿದ್ದರು. ಅವರ ಅರ್ಜಿಯಲ್ಲೇ 14 ಅಂತ ಬರೆದಿತ್ತು. ಆ ಕಾಗದವನ್ನು ಗ್ರಾಮಸಭೆಯಲ್ಲಿ ಓದಿದ ಮೇಲೆ ಮಾತಿನ ದಿಕ್ಕೇ ಬದಲಾಯಿತು.

ಬೇಡ ಅನ್ನುವುದರ ಜೊತೆ ಬೇಕು ಅನ್ನುವ ಪಟ್ಟಿಯೂ ಇರಲಿ. ಕೆರೆ ಹೂಳೆತ್ತುವುದು, ಬಸ್ಸು, ಶಾಲೆಗೆ ಮೇಷ್ಟ್ರು, ಹಾಲಿನ ಸಂಘಕ್ಕೆ ಶೈತ್ಯ ಘಟಕ. ಇವೂ ಅಭಿವೃದ್ಧಿಯೇ.

## ಊರೊಳಗಿನ ಮಾತು

ಹೊರಗಿನವರ ಮಾತು ಬಿಡಿ. ನಮ್ಮೂರವರೇ ಜಮೀನು ಮಾರ್ತಿದ್ದಾರೆ. ಅವರನ್ನ ತಡೆಯೋದು ಹೇಗೆ?

ನನಗೆ ಇದಕ್ಕೆ ಉತ್ತರ ಕೊಡುವಾಗ ಪ್ರತಿ ಸಲವೂ ಎದೆ ಭಾರವಾಗುತ್ತದೆ. ಮಾರುವವರಿಗೆ ಮಗಳ ಮದುವೆ ಇರುತ್ತದೆ, ಆಸ್ಪತ್ರೆ ಸಾಲ ಇರುತ್ತದೆ. ಸ್ವಂತ ಜಮೀನು ಮಾರುವುದು ಅವರ ಹಕ್ಕು. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಅಲ್ಲಿಂದ ದಲ್ಲಾಳಿಗಳ ಓಡಾಟ ಜಾಸ್ತಿಯಾಗಿದೆ.

ನಮ್ಮೂರಲ್ಲಿ ಒಂದು ಮಾತು ಮಾಡಿಕೊಂಡಿದ್ದೇವೆ. ಮಾರುವವರು ಮೊದಲು ಊರಲ್ಲಿ ಹೇಳಬೇಕು. ಊರವರಲ್ಲಿ, ಪೇಟೆಯಲ್ಲಿರುವ ಊರ ಮಕ್ಕಳಲ್ಲಿ ಯಾರಾದರೂ ಕೊಳ್ಳಲು ಮೂರು ತಿಂಗಳು ಸಮಯ ಕೊಡಬೇಕು. ಕಾನೂನಿನ ಬಲ ಇದಕ್ಕಿಲ್ಲ, ಮುಖ ನೋಡಿ ನಡೆಯುವ ಮಾತಿದು. ಇದುವರೆಗೆ ನಾಲ್ಕು ಜಮೀನು ಹೀಗೆ ಊರಲ್ಲೇ ಉಳಿದವು, ಎರಡು ಕೈತಪ್ಪಿದವು.

ಮಾರಾಟ ಆದ ಕೂಡಲೇ ಎಲ್ಲ ಮುಗಿಯಲಿಲ್ಲ ಅನ್ನುವುದೂ ನೆನಪಿರಲಿ. ಕೃಷಿ ಜಮೀನಿನಲ್ಲಿ ರೆಸಾರ್ಟ್, ಲೇಔಟ್ ಮಾಡಲು ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಭೂ ಪರಿವರ್ತನೆ ಬೇಕು. ಕಟ್ಟಡಕ್ಕೆ ಪರವಾನಗಿ ಬೇಕು. ಅಲ್ಲಿ ಹಳ್ಳ ಮುಚ್ಚುತ್ತಾರೆ, ದಾರಿ ತಪ್ಪಿಸುತ್ತಾರೆ ಅನ್ನುವುದಿದ್ದರೆ ಜಿಲ್ಲಾಧಿಕಾರಿ ಮತ್ತು ತಹಶೀಲ್ದಾರರಿಗೆ ನಕ್ಷೆ ಸಮೇತ ಲಿಖಿತ ಆಕ್ಷೇಪಣೆ ಕೊಡಬಹುದು. ಕೊಂಡವರ ಜೊತೆ ಒಮ್ಮೆ ಕೂತು ಮಾತಾಡಿ ನೋಡಿ. ಕೈತಪ್ಪಿದ ಎರಡರಲ್ಲಿ ಒಂದನ್ನು ಕೊಂಡವರು ಹಳ್ಳದ ಪಕ್ಕ ಬೇಲಿ ಹಿಂದೆ ಸರಿಸಿದರು. ಅವರಿಗೆ ಅಲ್ಲಿ ಬಿ ಖರಾಬು ಇದೆ ಅಂತ ದಲ್ಲಾಳಿ ಹೇಳಿಯೇ ಇರಲಿಲ್ಲ.

ನಾನು ಬೆಂಗಳೂರಲ್ಲಿದ್ದೀನಿ. ವರ್ಷಕ್ಕೆ ಎರಡು ಸಲ ಊರಿಗೆ ಬರ್ತೀನಿ. ನನ್ನಿಂದ ಏನಾಗುತ್ತೆ?

ಬಹಳ ಆಗುತ್ತೆ. ಊರಲ್ಲಿರುವವರಿಗೆ ಕಚೇರಿಯ ಜೊತೆ ದಿನಾ ವ್ಯವಹಾರ ಇರುತ್ತದೆ, ಎದುರು ಹಾಕಿಕೊಳ್ಳಲು ಹೆದರುತ್ತಾರೆ. ಮಾಹಿತಿ ಹಕ್ಕಿನ ಅರ್ಜಿಯನ್ನು ನೀವು ಅಲ್ಲಿಂದಲೇ ಆನ್‌ಲೈನ್‌ನಲ್ಲಿ ಹಾಕಬಹುದು. ಇಂಗ್ಲಿಷ್ ವರದಿಗಳನ್ನು ಓದಿ ಕನ್ನಡದಲ್ಲಿ ತಿಳಿಸಬಹುದು. ಹೈಕೋರ್ಟಿನ ಓಡಾಟ ಬಂದರೆ ನೀವೇ ಹತ್ತಿರ. ಆದರೆ ಊರವರನ್ನು ಕೇಳದೆ ಅವರ ಹೆಸರಲ್ಲಿ ಹೇಳಿಕೆ ಕೊಡಬೇಡಿ. ಒಂದು ಸಲ ಹಾಗಾಗಿ ನಮ್ಮಲ್ಲಿ ಆರು ತಿಂಗಳು ಮಾತು ಬಿಟ್ಟಿದ್ದೂ ಆಯಿತು.

ಊರಿನ ಜಮೀನನ್ನು ಪಾಳು ಬಿಡಬೇಡಿ. ಯಾರಿಗಾದರೂ ಕೋರಿಗೆ (ಬೆಳೆಯ ಪಾಲಿಗೆ) ಕೊಡಿ. ವರ್ಷಾನುಗಟ್ಟಲೆ ಖಾಲಿ ಬಿದ್ದ ಜಮೀನನ್ನೇ ದಲ್ಲಾಳಿ ಮೊದಲು ಹುಡುಕುವುದು.

ಗ್ರಾಮಸಭೆ ನಿರ್ಣಯಕ್ಕೆ ನಿಜವಾಗಿ ಬೆಲೆ ಇದೆಯಾ, ಸುಮ್ನೆ ಕಾಗದವಾ?

ಎರಡು ಥರದ ಊರುಗಳಿವೆ. ಅರಣ್ಯ ಹಕ್ಕು ಕಾಯ್ದೆ 2006 ಅನ್ವಯವಾಗುವ ಕಡೆ ಗ್ರಾಮಸಭೆಗೆ ದೊಡ್ಡ ಬಲ ಇದೆ. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ಗಣಿ ಬೇಕೋ ಬೇಡವೋ ಅಂತ ಗ್ರಾಮಸಭೆಗಳನ್ನೇ ಕೇಳಿ ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 12 ಗ್ರಾಮಸಭೆಗಳು ನಡೆದವು, ಹನ್ನೆರಡೂ ಬೇಡ ಅಂದವು. ನಮ್ಮಲ್ಲೇ ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಪಡೆದರು.

ಉಳಿದ ಊರುಗಳಲ್ಲಿ ಗ್ರಾಮಸಭೆಯ "ಬೇಡ" ಒಂದೇ ಯೋಜನೆಯನ್ನು ನಿಲ್ಲಿಸುವುದಿಲ್ಲ. ಆದರೆ ಮುಂದೆ ಪರಿಸರ ಪ್ರಾಧಿಕಾರದಲ್ಲಿ, ನ್ಯಾಯಾಲಯದಲ್ಲಿ ಅದೇ ನಿಮ್ಮ ಮೊದಲ ಸಾಕ್ಷಿ. ಅದಕ್ಕೆ ನಿರ್ಣಯವನ್ನು ಚೆನ್ನಾಗಿ ಬರೆಸಿ. "ಪರಿಸರಕ್ಕೆ ಹಾನಿ, ಆದ್ದರಿಂದ ವಿರೋಧ" ಅಂತ ಒಂದು ಸಾಲು ಬರೆದರೆ ಏನೂ ಆಗಲ್ಲ. ಸರ್ವೆ ನಂಬರ್, ವಿಸ್ತೀರ್ಣ, ಅಲ್ಲಿಂದ ನೀರು ಎಲ್ಲಿಗೆ ಹರಿಯುತ್ತದೆ, ಎಷ್ಟು ಮನೆಯ ದನ ಮೇಯುತ್ತವೆ, ಹತ್ತಿರದ ಮನೆ ಮತ್ತು ಶಾಲೆ ಎಷ್ಟು ದೂರ, ಎಲ್ಲ ಇರಲಿ. ಬಂದವರ ಸಹಿ ಪುಸ್ತಕದಲ್ಲಿರಲಿ. ಸಭೆ ಮುಗಿದ ಮೇಲೆ ದೃಢೀಕೃತ ನಕಲು ತೆಗೆದುಕೊಳ್ಳದೆ ಮನೆಗೆ ಹೋಗಬೇಡಿ.

ಪಂಚಾಯಿತಿಯವರು ಯಾರಿಗೂ ಹೇಳದೆ ನಿರಾಕ್ಷೇಪಣಾ ಪತ್ರ ಕೊಟ್ಟುಬಿಟ್ಟಿದ್ದಾರೆ. ಈಗ?

ಪಂಚಾಯಿತಿ ಸದಸ್ಯರ ಸಾಮಾನ್ಯ ಸಭೆ ಬೇರೆ, ಎಲ್ಲ ಮತದಾರರ ಗ್ರಾಮಸಭೆ ಬೇರೆ. ಪತ್ರ ಯಾವ ಸಭೆಯಲ್ಲಿ, ಯಾವ ದಿನ, ಯಾವ ನಿರ್ಣಯದ ಮೇಲೆ ಹೋಯಿತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಲ್ಲಿ ಒಂದು ವಿಶೇಷ ಇದೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ನನ್ನ ಮೊದಲ ಅರ್ಜಿ ಎರಡು ಪುಟ ಇತ್ತು. ಅದು ವಾಪಸ್ ಬಂತು, ಒಂದು ತಿಂಗಳು ಹೋಯಿತು. "ಯಾಕೆ ಕೊಟ್ಟಿರಿ" ಅಂತ ಕೇಳಬೇಡಿ. "ಇಂಥ ಸರ್ವೆ ನಂಬರ್ ಕುರಿತ ಪೂರ್ತಿ ಕಡತದ ನಕಲು ಕೊಡಿ" ಅಂತ ಕೇಳಿ. ಆಮೇಲೆ ವಿಶೇಷ ಗ್ರಾಮಸಭೆ ಕರೆಸಿ, ಪತ್ರ ಹಿಂಪಡೆಯುವ ನಿರ್ಣಯ ಮಾಡಿಸಿ, ಅದನ್ನು ಅನುಮತಿ ಕೊಡುವ ಎಲ್ಲ ಕಚೇರಿಗೂ ಕಳಿಸಿ.

## ಯೋಜನೆ ಬಂದೇಬಿಟ್ಟಾಗ

ಮೊದಲೇ ಗೊತ್ತಾಗೋ ಹಾಗೆ ಏನಾದ್ರೂ ಇದೆಯಾ?

ಇದೆ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಪರಿಸರ ಅನುಮತಿ, ಅರಣ್ಯ ಅನುಮತಿಯ ಅರ್ಜಿಗಳು ಕಾಣುತ್ತವೆ. ತಿಂಗಳಿಗೊಮ್ಮೆ ನಿಮ್ಮ ಜಿಲ್ಲೆ, ತಾಲ್ಲೂಕು ಹಾಕಿ ನೋಡಿ. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆಲ್ಲ ಬರೆಯಬಹುದೋ ಹಾಗೆಲ್ಲ ಹುಡುಕಿ. ಈ ಕೆಲಸಕ್ಕೆ ಕಾಲೇಜು ಓದುವ ಒಬ್ಬರು ಸಾಕು.

ಕ್ವಾರಿ 5 ಹೆಕ್ಟೇರ್‌ಗಿಂತ ಕಡಿಮೆ, ಜನರ ಅಭಿಪ್ರಾಯ ಕೇಳೋ ಹಾಗಿಲ್ಲ ಅಂತಾರೆ. ನಿಜವಾ?

ಅರ್ಧ ನಿಜ. 2012ರ ಫೆಬ್ರವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 5 ಹೆಕ್ಟೇರ್‌ಗಿಂತ ಸಣ್ಣ ಗಣಿಗೂ ಪರಿಸರ ಅನುಮತಿ ಬೇಕು ಅಂತ ಹೇಳಿತು. ಹಾಗಾಗಿ ಸಣ್ಣದು ಅಂತ ಅನುಮತಿ ಇಲ್ಲದೆ ಕೆಲಸ ಮಾಡುವಂತಿಲ್ಲ. ಒಂಟಿ ಗುತ್ತಿಗೆ 5 ಹೆಕ್ಟೇರ್ ಒಳಗಿದ್ದರೆ ಸಾರ್ವಜನಿಕ ಅಹವಾಲು ಸಭೆ ಸಾಮಾನ್ಯವಾಗಿ ಇರುವುದಿಲ್ಲ, ಅದು ಹೌದು. ಆದರೆ 500 ಮೀಟರ್ ಒಳಗೆ ಬೇರೆ ಕ್ವಾರಿಗಳೂ ಇದ್ದರೆ ಎಲ್ಲವನ್ನೂ ಕೂಡಿಸಿ ಒಂದು ಗುಚ್ಛ ಅಂತ ಲೆಕ್ಕ ಹಾಕಬೇಕು. ಕೂಡಿಸಿ 5 ಹೆಕ್ಟೇರ್ ದಾಟಿದರೆ ಸಭೆ ಬೇಕಾಗುತ್ತದೆ. ಒಂದೇ ಗುಡ್ಡವನ್ನು ನಾಲ್ಕು ಹೆಸರಲ್ಲಿ ಎರಡೆರಡು ಹೆಕ್ಟೇರ್‌ನಂತೆ ತುಂಡು ಮಾಡಿ ಅರ್ಜಿ ಹಾಕಿದ್ದಾರಾ ಅಂತ ನೋಡಿ. ಅಕ್ಕಪಕ್ಕದ ಸರ್ವೆ ನಂಬರ್‌ಗಳನ್ನೂ ವಿಚಾರಿಸಿ.

ನಮ್ಮ ಗುಡ್ಡದಲ್ಲಿ ಕೆಲಸಕ್ಕೆ ಬಂದದ್ದು ದೂರದ ಲೆಕ್ಕ. ಅರ್ಜಿಯಲ್ಲಿ ಹತ್ತಿರ ನೀರಿನ ಮೂಲ ಇಲ್ಲ ಅಂತಿತ್ತು. ಕೆರೆ ಅಲ್ಲಿಂದ 180 ಮೀಟರ್. ಕೆರೆಯ ಫೋಟೋ, ಗ್ರಾಮನಕ್ಷೆ, ಅಜ್ಜಿ ತೋರಿಸಿದ ಒರತೆಗಳು, ಎಲ್ಲ ಸೇರಿಸಿ ರಾಜ್ಯದ ಪರಿಸರ ಪರಿಣಾಮ ಅಂದಾಜು ಪ್ರಾಧಿಕಾರಕ್ಕೆ ಕಳಿಸಿದೆವು.

ಸಾರ್ವಜನಿಕ ಅಹವಾಲು ಸಭೆಗೆ ಯಾರೂ ಹೋಗದಿದ್ರೆ ಸಭೆ ರದ್ದಾಗುತ್ತಲ್ವಾ? ಬಹಿಷ್ಕಾರ ಹಾಕೋಣ ಅಂತಿದ್ದಾರೆ.

ದಯವಿಟ್ಟು ಹಾಗೆ ಮಾಡಬೇಡಿ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ಈ ಸಭೆಗೆ ಕೋರಂ, ಅಂದರೆ ಕನಿಷ್ಠ ಇಷ್ಟು ಜನ ಇರಬೇಕು ಅನ್ನುವುದೇ ಇಲ್ಲ. ಮೂರು ಜನ ಬಂದು ಯೋಜನೆ ಒಳ್ಳೆಯದು ಅಂದರೆ ಅಷ್ಟೇ ದಾಖಲಾಗುತ್ತದೆ. ಬಹಿಷ್ಕಾರದ ಘೋಷಣೆ ಪೇಪರಿನಲ್ಲಿ ಬರಬಹುದು, ಕಡತದಲ್ಲಿ ಬರುವುದಿಲ್ಲ.

ಸಭೆ ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷರು. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಯೋಜನೆಯ ಪರಿಸರ ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಪೂರ್ತಿ ಸಭೆಯ ವಿಡಿಯೊ ಆಗಬೇಕು. ಕೊನೆಯಲ್ಲಿ ನಡಾವಳಿಯನ್ನು ಅಲ್ಲೇ ಕನ್ನಡದಲ್ಲಿ ಓದಿ ಹೇಳಬೇಕು. ಜನ ಹಸಿವಾಗಿ ಎದ್ದು ಹೋಗುವ ಹೊತ್ತು ಅದು. ಹೋಗಬೇಡಿ. ನೀವು ಹೇಳಿದ್ದು ಬಿಟ್ಟು ಹೋಗಿದ್ದರೆ ಆಗಲೇ ಎದ್ದು ನಿಂತು ಸೇರಿಸಿ.

ಭಾಷಣ ಬೇಡ. ಒಬ್ಬೊಬ್ಬರು ಒಂದೊಂದು ವಿಷಯ ಹಂಚಿಕೊಳ್ಳಿ. ನೀರಿನ ಬಗ್ಗೆ ಒಬ್ಬರು, ಮೇವಿನ ಬಗ್ಗೆ ಒಬ್ಬರು, ಶಾಲೆ ಮಕ್ಕಳ ದಾರಿಯ ಬಗ್ಗೆ ಒಬ್ಬರು. ಹೇಳಿದ್ದನ್ನೇ ಬರಹದಲ್ಲೂ ಕೊಟ್ಟು ಸ್ವೀಕೃತಿ ಪಡೆಯಿರಿ. ಹೆಂಗಸರು ಮಾತಾಡಲಿ. ಬೇಸಿಗೆಯಲ್ಲಿ ಯಾವ ಬಾವಿ ಯಾವ ವಾರ ಬತ್ತುತ್ತದೆ ಅಂತ ನಮ್ಮೂರಲ್ಲಿ ಅವರಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಕೈಗಾರಿಕಾ ಪ್ರದೇಶಕ್ಕೆ ಅಂತ ಕೆಐಎಡಿಬಿ ನೋಟಿಸ್ ಬಂದಿದೆ. ಇನ್ನೇನೂ ಉಳಿದಿಲ್ವಾ?

ಉಳಿದಿದೆ, ಆದರೆ ದಿನ ಎಣಿಸಬೇಕು. ಕೆಐಎಡಿಬಿ ಅಂದರೆ ಕೈಗಾರಿಕೆಗೆ ಜಮೀನು ಸ್ವಾಧೀನ ಮಾಡಿಸುವ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ. ಅದರ 1966ರ ಕಾಯ್ದೆಯಲ್ಲಿ ಕಲಂ 28(1) ಅಂದರೆ ಪ್ರಾಥಮಿಕ ಅಧಿಸೂಚನೆ. 28(2) ನೋಟಿಸ್ ಬಂದ ಮೇಲೆ ಆಕ್ಷೇಪಣೆಗೆ 30 ದಿನ. 28(3)ರಲ್ಲಿ ನಿಮ್ಮ ಮಾತು ಕೇಳಬೇಕು. 28(4) ಆದರೆ ಅಂತಿಮ. ಪ್ರತಿ ರೈತರೂ ತಮ್ಮ ತಮ್ಮ ಸರ್ವೆ ನಂಬರಿಗೆ ಬೇರೆ ಬೇರೆಯಾಗಿ ಆಕ್ಷೇಪಣೆ ಕೊಡಬೇಕು. ಒಂದೇ ಮನವಿಗೆ ಇನ್ನೂರು ಸಹಿ ಹಾಕಿದರೆ ಅದನ್ನು ಒಂದೇ ಆಕ್ಷೇಪಣೆ ಅಂತ ತಳ್ಳುವ ಅಪಾಯ ಇದೆ.

ಅಂತಿಮ ಹಂತದಲ್ಲೂ ಗೆದ್ದವರಿದ್ದಾರೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ ಬಂದ ಸ್ವಾಧೀನದ ವಿರುದ್ಧ ರೈತರು 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿರುವುದಾಗಿ ಹೇಳಿದರು. ಅಲ್ಲಿಯದು ರಾಗಿ, ದ್ರಾಕ್ಷಿ, ರೇಷ್ಮೆ, ತರಕಾರಿ ಬೆಳೆಯುವ ನೆಲ.

ಅನುಮತಿ ಇಲ್ಲದೆ ಕೆಲಸ ಶುರು ಮಾಡಿದ್ದಾರೆ. ಕೋರ್ಟಿಗೆ ಹೋಗೋಕೆ ದುಡ್ಡಿಲ್ಲ.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈನಲ್ಲಿದೆ. ಪರಿಹಾರದ ಹಣ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ಆನ್‌ಲೈನ್‌ನಲ್ಲೇ ಹಾಕಬಹುದು. ವಕೀಲರಿದ್ದರೆ ಒಳ್ಳೆಯದು, ಇರಲೇಬೇಕು ಅಂತಿಲ್ಲ. ಸಮಯ ಮಾತ್ರ ಬಹಳ ಬಿಗಿ. ಹಾನಿ ಶುರುವಾದ ದಿನದಿಂದ 6 ತಿಂಗಳೊಳಗೆ ಹೋಗಬೇಕು, ಸರಿಯಾದ ಕಾರಣ ಕೊಟ್ಟರೆ ಇನ್ನೂ 60 ದಿನ. ಕೊಟ್ಟ ಪರಿಸರ ಅನುಮತಿಯನ್ನೇ ಪ್ರಶ್ನಿಸುವುದಾದರೆ ಬರೀ 30 ದಿನ, ಮೇಲೆ 60. "ಮಾತುಕತೆ ನಡೀತಿದೆ, ನೋಡೋಣ" ಅಂತ ಕೂತು ಈ ದಿನಗಳನ್ನು ಕಳೆದುಕೊಂಡ ಊರುಗಳು ಎಷ್ಟೋ.

ಅಲ್ಲಿಗೆ ಹೋಗುವ ಮೊದಲು ಇವತ್ತೇ ಮಾಡುವ ಕೆಲಸ: ಫೋಟೋ ತೆಗೆಯಿರಿ. ದಿನಾಂಕ, ಜಾಗದ ಅಕ್ಷಾಂಶ ರೇಖಾಂಶ ಬೀಳುವ ಕ್ಯಾಮೆರಾ ಆ್ಯಪ್ ಬಳಸಿ. ಗಣಿ ಇಲಾಖೆ, ತಹಶೀಲ್ದಾರ್, ಮಾಲಿನ್ಯ ಮಂಡಳಿ, ಪೊಲೀಸ್ ನಾಲ್ಕೂ ಕಡೆ ಲಿಖಿತ ದೂರು ಕೊಡಿ. ರಾತ್ರಿ ಲಾರಿ ಅಡ್ಡ ಹಾಕಲು ಒಬ್ಬೊಬ್ಬರೇ ಹೋಗಬೇಡಿ. ಯಾವ ಗುಡ್ಡಕ್ಕೂ ಒಂದು ಜೀವದ ಬೆಲೆ ಕೊಡಬಾರದು.

ಕೆರೆ ಒತ್ತುವರಿ ಮೂವತ್ತು ವರ್ಷ ಹಳೇದು. ಈಗ ತೆರವು ಆಗುತ್ತಾ?

ಆಗುತ್ತೆ. 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇದೇ ಬಗ್ಗೆ. ಪಂಜಾಬಿನ ಒಂದು ಹಳ್ಳಿಯ ಕೆರೆ ಮುಚ್ಚಿ ಮನೆ ಕಟ್ಟಿದ್ದರು. ಬಹಳ ವರ್ಷ ಆಯಿತು, ಬಹಳ ಖರ್ಚು ಮಾಡಿದ್ದೇವೆ ಅನ್ನುವುದು ಸಕ್ರಮ ಮಾಡಲು ಕಾರಣವಾಗದು ಅಂತ ಕೋರ್ಟ್ ಹೇಳಿತು. ಊರ ಸಾಮೂಹಿಕ ಜಾಗಗಳ ಒತ್ತುವರಿ ತೆರವಿಗೆ ಯೋಜನೆ ಮಾಡಿ ಅಂತ ಎಲ್ಲ ರಾಜ್ಯಗಳಿಗೂ ಸೂಚಿಸಿತು. ನಿಮ್ಮ ಅರ್ಜಿಯಲ್ಲಿ ಈ ತೀರ್ಪಿನ ಹೆಸರು ಬರೆಯಿರಿ. ಮೊದಲು ಕೆರೆಯ ಸರ್ವೆ ಆಗಿ ಗಡಿಕಲ್ಲು ಬೀಳಲಿ. ದೊಡ್ಡ ಕುಳಗಳ ಒತ್ತುವರಿಯಾದರೆ ಬೆಂಗಳೂರಿನಲ್ಲಿ ಭೂ ಕಬಳಿಕೆ ನಿಷೇಧ ವಿಶೇಷ ನ್ಯಾಯಾಲಯವೂ ಇದೆ.

ಆ ತೀರ್ಪಿನಲ್ಲೇ ಭೂರಹಿತ ಕೂಲಿಕಾರರಿಗೆ, ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಗುತ್ತಿಗೆ, ಈಗಾಗಲೇ ಇರುವ ಶಾಲೆ, ಆಸ್ಪತ್ರೆಯಂಥವಕ್ಕೆ ವಿನಾಯಿತಿಯ ಮಾತಿದೆ. ನನಗೂ ಅದೇ ಸರಿ ಅನ್ನಿಸುತ್ತದೆ. ಕೆರೆ ಅಂಗಳದ ಒಂದು ಗುಡಿಸಲನ್ನು ಮೊದಲು ಕೀಳಿಸಿ, ಐದು ಎಕರೆ ಅಡಿಕೆ ಹಾಕಿದವರನ್ನು ಬಿಟ್ಟರೆ ಊರು ಒಡೆಯುತ್ತದೆ.

## ಖಾಯಂ ರಕ್ಷಣೆ

ಒಂದೊಂದು ಸಲವೂ ಹೋರಾಡೋಕೆ ಆಗಲ್ಲ. ಖಾಯಂ ಆಗಿ ಉಳಿಸೋ ದಾರಿ ಇದೆಯಾ?

ಕೆಲವು ಇವೆ. ಜೈವಿಕ ವೈವಿಧ್ಯ ಕಾಯ್ದೆ 2002ರ 41ನೇ ಕಲಂ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮಲ್ಲೂ ಕಾಗದದ ಮೇಲೆ ಇದ್ದೇ ಇರುತ್ತದೆ. ಸದಸ್ಯರು ಯಾರು ಅಂತ ಕೇಳಿ ನೋಡಿ. ಎಷ್ಟೋ ಸಲ ಸದಸ್ಯರಿಗೇ ತಾವು ಸದಸ್ಯರು ಅಂತ ಗೊತ್ತಿರುವುದಿಲ್ಲ. ಆ ಸಮಿತಿ ಜನತಾ ಜೀವವೈವಿಧ್ಯ ದಾಖಲಾತಿ ಮಾಡಬೇಕು. ಊರಿನ ಗಿಡ, ಹಕ್ಕಿ, ಮೀನು, ಭತ್ತದ ತಳಿ, ಔಷಧಿ ಗೊತ್ತಿರುವವರು, ಎಲ್ಲ ಅದರಲ್ಲಿ ಬರಬೇಕು. ಬೇರೆ ಊರಿನದನ್ನೇ ಹೆಸರು ಬದಲಿಸಿ ಬರೆದಿದ್ದರೆ ತಿದ್ದಿಸಿ. ಮುಂದೆ ಯಾರಾದರೂ "ಅಲ್ಲಿ ವಿಶೇಷವೇನೂ ಇಲ್ಲ" ಅಂತ ವರದಿ ಬರೆದಾಗ ಈ ಪುಸ್ತಕ ತೋರಿಸಬಹುದು.

ಅದೇ ಕಾಯ್ದೆಯ 37ನೇ ಕಲಂನಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಬಹುದು. ದೇಶದ ಮೊದಲನೆಯದು ನಮ್ಮ ರಾಜ್ಯದ್ದೇ, ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪು, 2007ರಲ್ಲಿ. ಸಾಗರ ತಾಲ್ಲೂಕಿನ ಅಂಬಾರಗುಡ್ಡಕ್ಕೂ ಆ ಸ್ಥಾನ ಸಿಕ್ಕಿದೆ. ವನ್ಯಜೀವಿ ಕಾಯ್ದೆಯಲ್ಲಿ ಇನ್ನೆರಡು ದಾರಿ: ಸರ್ಕಾರಿ ಜಾಗವಾದರೆ ಸಂರಕ್ಷಣಾ ಮೀಸಲು, ಸಮುದಾಯದ ಅಥವಾ ಖಾಸಗಿ ಜಾಗವಾದರೆ ಸಮುದಾಯ ಮೀಸಲು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಜನರ ಹಿತ್ತಲ ಮರದಲ್ಲೇ ಗೂಡು ಕಟ್ಟುತ್ತವೆ. ಅದು ಸಮುದಾಯ ಮೀಸಲು. ವಿಜಯನಗರ ಜಿಲ್ಲೆಯ ಅಂಕಸಮುದ್ರದಲ್ಲಿ ಊರವರು ಹಕ್ಕಿಗಳನ್ನು ಕಾಯ್ದ ನೀರಾವರಿ ಕೆರೆ ಮೊದಲು ಸಂರಕ್ಷಣಾ ಮೀಸಲಾಯಿತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ, ಮಾಗಡಿ ಕೆರೆಗಳ ಜೊತೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು.

ಯಾವುದನ್ನು ಕೇಳುವ ಮೊದಲೂ ಊರಲ್ಲಿ ಪೂರ್ತಿ ಚರ್ಚೆ ಆಗಲಿ. ಸೌದೆ, ಮೇವು, ದೇವರ ಕಾರ್ಯಕ್ಕೆ ಏನಾಗುತ್ತದೆ ಅಂತ ಅರಣ್ಯ ಇಲಾಖೆಯಿಂದ ಲಿಖಿತವಾಗಿ ತಿಳಿದುಕೊಳ್ಳಿ.

ನಮ್ಮೂರು ಕಸ್ತೂರಿರಂಗನ್ ವರದಿಯ ಪಟ್ಟಿಯಲ್ಲಿದೆಯಂತೆ. ಮನೆ ರಿಪೇರಿ ಮಾಡೋ ಹಾಗೂ ಇಲ್ಲ ಅಂತಾರೆ. ಊರು ಬಿಡಬೇಕಾ?

ಬಿಡಬೇಕಾಗಿಲ್ಲ. ಆ ವರದಿಯ ಆಧಾರದಲ್ಲಿ ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಕ್ಕೆ ಕೇಂದ್ರ ಸರ್ಕಾರ ಹೊರಡಿಸಿದ ಕರಡು ಅಧಿಸೂಚನೆಯನ್ನು ನಾನು ಸಾಲು ಸಾಲಾಗಿ ಓದಿದ್ದೇನೆ. ಅದು ತಡೆಯುವುದು ಗಣಿ, ಕಲ್ಲು ಕ್ವಾರಿ, ಮರಳು ಗಣಿಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ (ಹೆಚ್ಚು ಮಾಲಿನ್ಯ ಮಾಡುವ) ಹೊಸ ಕಾರ್ಖಾನೆ, 20,000 ಚದರ ಮೀಟರ್ ಮೀರಿದ ಹೊಸ ಕಟ್ಟಡ, ದೊಡ್ಡ ಟೌನ್‌ಶಿಪ್‌ಗಳನ್ನು. ಮನೆ ರಿಪೇರಿಗೆ, ತೋಟಕ್ಕೆ, ಗದ್ದೆಗೆ, ಜಮೀನು ಮಾರುವುದಕ್ಕೆ ತಡೆ ಇಲ್ಲ. ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರ್ ಅದರ ವ್ಯಾಪ್ತಿಗೆ ಬರುತ್ತದೆ. ರಾಜ್ಯ ಸಂಪುಟ 2024ರ ಸೆಪ್ಟೆಂಬರಿನಲ್ಲಿ ವರದಿಯನ್ನು ತಿರಸ್ಕರಿಸಿತು.

ಜನರ ಹೆದರಿಕೆಗೆ ಕಾರಣ ಇದೆ. ಯಾರೂ ಊರಿಗೆ ಬಂದು ಕೂತು ಕನ್ನಡದಲ್ಲಿ ವಿವರಿಸಲಿಲ್ಲ. ನಕ್ಷೆಯಲ್ಲಿ ತಪ್ಪುಗಳೂ ಇವೆ ಅಂತ ಹಲವು ಊರವರು ದೂರಿದ್ದಾರೆ. ನಿಮ್ಮೂರಲ್ಲಿ ಒಂದು ಸಂಜೆ ಕರಡನ್ನು ಗಟ್ಟಿಯಾಗಿ ಓದಿ. ಆಮೇಲೆ ಬೇಕೋ ಬೇಡವೋ ಅಂತ ಊರವರೇ ಹೇಳಲಿ.

ಒಂದು ಸಲ ಗೆದ್ದಾಯ್ತು. ಇನ್ನು ಆರಾಮಾಗಿ ಇರಬಹುದಾ?

ನಮ್ಮ ಗುಡ್ಡದ ಅರ್ಜಿ ತಿರಸ್ಕಾರವಾಗಿ ಹದಿನಾಲ್ಕು ತಿಂಗಳಿಗೆ ಬೇರೆ ಹೆಸರಲ್ಲಿ ಮತ್ತೊಂದು ಅರ್ಜಿ ಬಂತು. ಈ ಸಲ ಅರ್ಜಿ ಬಿದ್ದ ಹನ್ನೊಂದನೇ ದಿನಕ್ಕೆ ನಮಗೆ ಗೊತ್ತಾಯಿತು. ಕಡತ ಸಿದ್ಧವಾಗಿತ್ತು, ದಿನಾಂಕ ಬದಲಿಸಿ ಕಳಿಸಿದೆವು.

ಈಗ ಪ್ರತಿ ವರ್ಷ ಭೂಮಿ ಹುಣ್ಣಿಮೆ ಆದ ಮೇಲಿನ ಭಾನುವಾರ ಊರ ಗಡಿ ಸುತ್ತುತ್ತೇವೆ. ಶಾಲೆ ಮಕ್ಕಳೂ ಬರುತ್ತಾರೆ. ಗೋಮಾಳ, ಕೆರೆ, ಬಿ ಖರಾಬು ಎಲ್ಲದರದ್ದೂ ಹೊಸ ಪಹಣಿ ತೆಗೆದು ಹಿಂದಿನ ವರ್ಷದ್ದರ ಜೊತೆ ಹೋಲಿಸುತ್ತೇವೆ. ಕಡತದ ಒಂದು ಪ್ರತಿ ಹಾಲಿನ ಡೇರಿಯಲ್ಲಿ, ಒಂದು ಪ್ರತಿ ಶಾಲೆಯಲ್ಲಿ, ಒಂದು ಬೆಂಗಳೂರಿನಲ್ಲಿರುವ ನಮ್ಮೂರ ಹುಡುಗಿಯ ಹತ್ತಿರ ಇದೆ. ಒರತೆ ತೋರಿಸಿದ ಅಜ್ಜಿ ಈಗಿಲ್ಲ. ಅವರು ಹೇಳಿದ ಕಲ್ಲುಗಳ ಹೆಸರು ಹೋದ ವರ್ಷ ನಕ್ಷೆಯಲ್ಲಿ ಬರೆದೆವು. ಮೂವತ್ತಾರು ಹೆಸರು ಸಿಕ್ಕಿವೆ, ಗುಡ್ಡದ ಪಡುವಣ ಬದಿಯದು ಇನ್ನೂ ಬಾಕಿ ಇದೆ.